ಫ್ಲೈ ಗಾಳದ ದಾರ: ಕಾವೇರಿಯ ಮಹಶೀರ್ ಮೀನಿಗೆ ಸೂಕ್ತವಾದ ಆಯ್ಕೆ

ಕೊಡಗು ಜಿಲ್ಲೆಯಲ್ಲಿ ಹರಿಯುವ ಕಾವೇರಿ ನದಿಯು ಮಹಶೀರ್ ಮೀನುಗಳಿಗೆ ಹೆಸರಾಗಿದೆ. ಬಿಳಿಮೀನು ಎಂದೂ ಕರೆಯಲ್ಪಡುವ ಈ ಮೀನನ್ನು ಗಾಳದಿಂದ ಹಿಡಿದು ಜೀವಂತವಾಗಿ ಮರಳಿ ನೀರಿಗೆ ಬಿಡುವ ಕ್ರೀಡೆಗೆ ವಾಲ್ನೂರು ಭಾಗದ ಹೊಳೆಯು ಬಹುಕಾಲದಿಂದ ಪ್ರಸಿದ್ಧವಾಗಿದೆ. ಕಾವೇರಿಯಲ್ಲಿ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಕಟ್ಟುವುದು ಹಳೆಯ ಪದ್ಧತಿ. ಗರಿ, ಕೂದಲು ಮತ್ತು ನೂಲಿನಿಂದ ಕಟ್ಟಿದ ಕೃತಕ ಹುಳು, ಅಂದರೆ ‘ಫ್ಲೈ’ ಬಳಸುವುದು ಇನ್ನೊಂದು ಪದ್ಧತಿ. ಈ ಎರಡನೆಯ ಪದ್ಧತಿಯಲ್ಲಿ ದಾರದ ಪಾತ್ರವು ಮೊದಲನೆಯದಕ್ಕಿಂತ ಸಂಪೂರ್ಣವಾಗಿ ಭಿನ್ನವಾಗಿರುತ್ತದೆ.

ರಾಗಿ ಉಂಡೆ ಹಾಗೂ ಸೀಸದ ಗುಂಡಿಗೆ ತಮ್ಮದೇ ತೂಕವಿರುತ್ತದೆ. ಬೀಸಿದಾಗ ಅವು ಮುಂದೆ ಹಾರಿ, ತೆಳುವಾದ ನೈಲಾನ್ ದಾರವನ್ನು ಹಿಂದೆ ಎಳೆದುಕೊಂಡು ಹೋಗುತ್ತವೆ. ಫ್ಲೈಗೆ ಗಣನೀಯ ತೂಕವಿಲ್ಲ. ಅದನ್ನು ಕೈಯಿಂದ ಎಸೆದರೆ ನಾಲ್ಕು ಮಾರು ದೂರವೂ ಹೋಗದು. ಆದುದರಿಂದ ತೂಕವನ್ನು ದಾರದಲ್ಲಿಯೇ ಇರಿಸಲಾಗಿದೆ. ಹಿಂದಕ್ಕೂ ಮುಂದಕ್ಕೂ ಬೀಸುವಾಗ ದಾರದ ಭಾರದಿಂದ ಕೋಲು ಬಾಗುತ್ತದೆ. ಬಾಗಿದ ಕೋಲು ನೆಟ್ಟಗಾಗುವಾಗ ದಾರವು ಸುರುಳಿ ಬಿಚ್ಚುತ್ತಾ ಮುಂದೆ ಸಾಗುತ್ತದೆ. ಫ್ಲೈ ಅದನ್ನು ಹಿಂಬಾಲಿಸುತ್ತದೆ.

ಮೊದಲು ಈ ದಾರವನ್ನು ಕುದುರೆಯ ಕೂದಲಿನಿಂದ, ತರುವಾಯ ರೇಷ್ಮೆಯಿಂದ ಹೆಣೆಯಲಾಗುತ್ತಿತ್ತು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಅವರು ಭಾರತದ ಗಾಳದ ಮೀನುಗಾರಿಕೆ ಕುರಿತು ಬರೆದ ಗ್ರಂಥವು 1873ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತು. ಆ ಕಾಲದ ರೇಷ್ಮೆ ದಾರವನ್ನು ಬಳಸಿದ ನಂತರ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು; ತೇಲಬೇಕಾದರೆ ಜಿಡ್ಡು ಸವರಬೇಕಾಗುತ್ತಿತ್ತು. ಇಂದಿನ ದಾರವು ನೈಲಾನ್ ತಿರುಳಿನ ಮೇಲೆ ಪಿವಿಸಿ ಮುಂತಾದ ಪ್ಲಾಸ್ಟಿಕ್ ಲೇಪನ ಹೊಂದಿರುತ್ತದೆ. ಲೇಪನದಲ್ಲಿ ಸೂಕ್ಷ್ಮವಾದ ಟೊಳ್ಳು ಗಾಜಿನ ಗುಂಡುಗಳಿದ್ದರೆ ದಾರವು ತೇಲುತ್ತದೆ. ಟಂಗ್‌ಸ್ಟನ್ ಪುಡಿ ಇದ್ದರೆ ಮುಳುಗುತ್ತದೆ. ಸಾಮಾನ್ಯ ಉದ್ದ ಸುಮಾರು 27 ಮೀಟರ್.

ಪೆಟ್ಟಿಗೆಯ ಮೇಲಿನ ಸಂಕೇತ

ದಾರದ ಪೆಟ್ಟಿಗೆಯ ಮೇಲೆ ‘ಡಬ್ಲ್ಯುಎಫ್-8-ಎಫ್’ ಎಂಬ ರೀತಿಯ ಸಂಕೇತವಿರುತ್ತದೆ. ಮೊದಲ ಭಾಗವು ದಾರದ ಆಕಾರವನ್ನು ಸೂಚಿಸುತ್ತದೆ. ಡಬ್ಲ್ಯುಎಫ್ ಎಂದರೆ ತೂಕವು ಮುಂಭಾಗದಲ್ಲಿ ಸೇರಿರುವ ದಾರ. ಡಿಟಿ ಎಂದರೆ ಎರಡೂ ತುದಿ ಸಮನಾಗಿ ಸಪೂರವಾಗಿರುವ ದಾರ. ಕೊನೆಯ ಅಕ್ಷರ ಎಫ್ ಆದರೆ ತೇಲುವ, ಐ ಆದರೆ ನಿಧಾನವಾಗಿ ಮುಳುಗುವ, ಎಸ್ ಆದರೆ ಬೇಗ ಮುಳುಗುವ ದಾರ.

ನಡುವಿನ ಅಂಕಿಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಅದು ದಾರದ ಬಲವಲ್ಲ, ತೂಕ. ಅಮೆರಿಕದ ಮೀನುಗಾರಿಕೆ ಸಲಕರಣೆ ತಯಾರಕರ ಸಂಘವು ನಿಗದಿಪಡಿಸಿದ ಮಾನದಂಡದಂತೆ ದಾರದ ಮೊದಲ 30 ಅಡಿಯ ತೂಕವನ್ನು ಗ್ರೇನ್‌ಗಳಲ್ಲಿ ಅಳೆಯಲಾಗುತ್ತದೆ. 5ನೇ ಸಂಖ್ಯೆಯ ದಾರಕ್ಕೆ 140 ಗ್ರೇನ್ (ಸುಮಾರು 9 ಗ್ರಾಂ), 8ಕ್ಕೆ 210 ಗ್ರೇನ್ (13.6 ಗ್ರಾಂ), 10ಕ್ಕೆ 280 ಗ್ರೇನ್ (18 ಗ್ರಾಂ). ಕೋಲಿನ ಮೇಲೂ ಇದೇ ಸಂಖ್ಯೆ ಇರುತ್ತದೆ, ಎರಡೂ ಹೊಂದಬೇಕು. ಕೆಲವು ತಯಾರಕರು ಅರ್ಧ ಅಥವಾ ಒಂದು ಸಂಖ್ಯೆಯಷ್ಟು ಭಾರವಾದ ದಾರಕ್ಕೂ ಕಡಿಮೆ ಸಂಖ್ಯೆಯನ್ನೇ ನಮೂದಿಸುವುದರಿಂದ, ಗ್ರೇನ್ ತೂಕವನ್ನು ಓದಿ ಖರೀದಿಸುವುದು ಸೂಕ್ತ.

ಕಾವೇರಿಗೆ ಯಾವ ದಾರ?

ತೊರೆಯ ಸಣ್ಣ ಮೀನಿಗೆ 4 ಅಥವಾ 5ನೇ ಸಂಖ್ಯೆಯ ದಾರ ಸಾಕು. ಮಹಶೀರ್‌ಗೆ ಸಾಲದು. 1946ರಲ್ಲಿ ಕಬಿನಿ ನದಿಯಲ್ಲಿ ಡಿ ವೆಟ್ ವ್ಯಾನ್ ಇಂಗೆನ್ ಅವರು ಹಿಡಿದ ಮಹಶೀರ್ 120 ಪೌಂಡ್ (54 ಕಿ.ಗ್ರಾಂ) ತೂಗಿತ್ತು. ಅಂತಹ ಗಾತ್ರವು ಇಂದು ನಿರೀಕ್ಷೆಗೆ ಮೀರಿದ್ದಾದರೂ, ಐದಾರು ಕಿಲೋ ತೂಕದ ಮೀನು ಸಹ ಸೆಳವಿಗೆ ತಿರುಗಿ ಬಂಡೆಗಳ ನಡುವೆ ಓಡಿದರೆ ಹಗುರ ಕೋಲಿನಿಂದ ತಡೆಯುವುದು ಕಷ್ಟ. ಎಳೆದಾಟವು ದೀರ್ಘವಾದಷ್ಟೂ ಮೀನು ದಣಿಯುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ, ದಣಿದ ಮೀನು ಈಜಿಕೊಂಡು ಹೋದಂತೆ ಕಂಡರೂ ಬಳಿಕ ಸಾಯಬಹುದು. ಕಾವೇರಿ ಕೊಳ್ಳಕ್ಕಷ್ಟೇ ಸೀಮಿತವಾದ ಡುಬ್ಬದ ಮಹಶೀರ್ (ಟಾರ್ ರೆಮಾದೇವಿ) 2018ರಲ್ಲಿ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿದೆ. ಗಾಳಕ್ಕೆ ಸಿಕ್ಕಿದ್ದು ಯಾವ ಜಾತಿ ಎಂಬುದು ಮೀನು ದಡಕ್ಕೆ ಬರುವವರೆಗೆ ತಿಳಿಯುವುದಿಲ್ಲ.

ಆದಕಾರಣ ಇಲ್ಲಿ 8ನೇ ಸಂಖ್ಯೆಗಿಂತ ಕಡಿಮೆ ದಾರವನ್ನು ಬಳಸದಿರುವುದು ಲೇಸು. ಮಡುವು ಆಳವಾಗಿದ್ದು ದೊಡ್ಡ ಫ್ಲೈ ಕಟ್ಟುವುದಾದರೆ 9 ಅಥವಾ 10 ಸೂಕ್ತ. ಭಾರದ ದಾರಕ್ಕೆ ಹೊಂದುವ ಕೋಲು ಗಟ್ಟಿಯಾಗಿರುವುದರಿಂದ, ತುದಿಗೆ ಬಲವಾದ ಎಳೆ ಕಟ್ಟಿ ಮೀನನ್ನು ಬೇಗ ದಡಕ್ಕೆ ತರಬಹುದು. ಹಗುರ ಸಲಕರಣೆಯಿಂದ ಹಿಡಿಯುವುದೇ ಹೆಚ್ಚಿನ ಕೌಶಲವೆಂಬ ಮಾತು ಮರಳಿ ಬಿಡಬೇಕಾದ ಮೀನಿಗೆ ಅನ್ವಯಿಸುವುದಿಲ್ಲ.

ಆಕಾರದಲ್ಲಿ ಡಬ್ಲ್ಯುಎಫ್ ದಾರವೇ ಅನುಕೂಲ. ಹೊಳೆಯಂಚಿನಲ್ಲಿ ಮರಗಳು ಬಾಗಿರುವಲ್ಲಿ ಹಿಂದಕ್ಕೆ ಬೀಸಲು ಜಾಗವಿರುವುದಿಲ್ಲವಾದುದರಿಂದ, ತೂಕದ ಭಾಗ ಗಿಡ್ಡವಾಗಿರುವುದನ್ನು ಆರಿಸಬೇಕು. ತೆಳುನೀರಿನ ಹರಿವಿಗೆ ತೇಲುವ ದಾರ ಸಾಕು. ಮಡುವಿಗೆ ಸೆಕೆಂಡಿಗೆ 3ರಿಂದ 5 ಸೆಂ.ಮೀ. ಇಳಿಯುವ ‘ಐ’ ದಾರ ಬೇಕಾಗುತ್ತದೆ. ಪೂರ್ತಿ ಮುಳುಗುವ ದಾರವು ತಳದ ಬಂಡೆಗಳಿಗೆ ಸಿಕ್ಕಿಕೊಳ್ಳುವ ಸಂಭವ ಹೆಚ್ಚು.

ಖರೀದಿಸುವಾಗ ‘ಟ್ರಾಪಿಕಲ್’ ಎಂಬ ನಮೂದನ್ನು ನೋಡತಕ್ಕದ್ದು. ತಣ್ಣೀರಿನ ಟ್ರೌಟ್ ಮೀನಿಗಾಗಿ ಮಾಡಿದ ಮೃದು ದಾರವು ಏಪ್ರಿಲ್ ಬಿಸಿಲಿನಲ್ಲಿ ಅಂಟಂಟಾಗಿ, ಕೋಲಿನ ಬಳೆಗಳಲ್ಲಿ ಜಾರದೆ ನಿಲ್ಲುತ್ತದೆ.

ಫ್ಲೈ ದಾರದ ಹಿಂದೆ ರೀಲಿನಲ್ಲಿ 30 ಪೌಂಡ್ ಬಲದ ಹೆಣೆದ ದಾರವನ್ನು ಕನಿಷ್ಠ 100 ಮೀಟರ್ ಸುತ್ತಿರಬೇಕು. ಮುಂದಿನ ತುದಿಯ ನೈಲಾನ್ ಎಳೆಯು 15ರಿಂದ 20 ಪೌಂಡ್ ಬಲದ್ದಾಗಿದ್ದು, ಇಡೀ ಜೋಡಣೆಯಲ್ಲಿ ಅದೇ ಅತ್ಯಂತ ದುರ್ಬಲವಾಗಿರಬೇಕು. ಹಾಗಿದ್ದರೆ ಮೀನು ಕಡಿದುಕೊಂಡು ಹೋದಾಗ ಅದರ ಬಾಯಲ್ಲಿ ಉಳಿಯುವುದು ಗೇಣು, ಮೊಳದಷ್ಟು ಎಳೆ ಮಾತ್ರ. ಬಂಡೆಗೆ ಉಜ್ಜಿ ತರಚಿದ ಎಳೆಯನ್ನು ಕೂಡಲೇ ಬದಲಿಸಬೇಕು. ತುಂಡುಗಳನ್ನು ಹೊಳೆಗೆ ಎಸೆದರೆ ನೀರುನಾಯಿ ಮತ್ತು ನೀರುಕಾಗೆಗಳು ಸಿಕ್ಕಿಕೊಳ್ಳುತ್ತವೆ.

ಸೊಳ್ಳೆ ನಿವಾರಕ ದ್ರವ ಮತ್ತು ಪೆಟ್ರೋಲ್ ತಗುಲಿದರೆ ಲೇಪನವು ಕರಗಿ ಬಿರಿಯುತ್ತದೆ. ಕೊಡಗಿನ ಹೊಳೆಬದಿಯಲ್ಲಿ ನಿವಾರಕ ಹಚ್ಚಿಕೊಳ್ಳುವುದು ಅನಿವಾರ್ಯವಾದುದರಿಂದ ಕೈ ಒರೆಸಿಕೊಂಡೇ ದಾರ ಮುಟ್ಟಬೇಕು. ಬಳಕೆಯ ನಂತರ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿದರೆ ದಾರವು ಹಲವು ಋತುಗಳವರೆಗೆ ಬಾಳುತ್ತದೆ.

ನಾಗರಹೊಳೆ ರಾಷ್ಟ್ರೀಯ ಉದ್ಯಾನ ಹಾಗೂ ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ವನ್ಯಜೀವಿಧಾಮಗಳ ಒಳಗೆ ಗಾಳ ಹಾಕುವಂತಿಲ್ಲ. ಇತರೆಡೆ ಮುಂಚಿತವಾಗಿ ಅನುಮತಿ ಪಡೆಯಬೇಕು. ಮಳೆಗಾಲವು ಮಹಶೀರ್ ಮೊಟ್ಟೆಯಿಡುವ ಕಾಲವಾದುದರಿಂದ ಆ ತಿಂಗಳುಗಳಲ್ಲಿ ದಾರವನ್ನು ರೀಲಿನಿಂದ ಬಿಚ್ಚಿ ಅಗಲವಾದ ಸುರುಳಿಯಾಗಿ ತೂಗುಹಾಕಬಹುದು.