ಮರುದಿನದ ತಲೆನೋವು, ಮೂರನೆಯ ದಿನದ ನಡುಕ



ನಮ್ಮ ಈ ಪುಟದಲ್ಲಿ ಕುಡಿತದ ಮಾತು ಬರುವುದು ಅಪರೂಪ. ರಾಜ್ಯೋತ್ಸವ, ಕನ್ನಡ ಶಾಲೆ, ಪಠ್ಯಪುಸ್ತಕ ಇವೇ ನಮ್ಮ ನಿತ್ಯದ ವಿಷಯಗಳು. ಆದರೆ ಮದುವೆಯ ದಿನಗಳು ಬಂದರೆ, ಜಾತ್ರೆ, ದಸರೆ ಮುಗಿದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ರಾತ್ರಿ ಕುಡಿದದ್ದು ಇನ್ನೂ ಇಳಿದಿಲ್ಲರೀ, ಏನು ಕೊಡಬೇಕು?" ಕೇಳುವವರು ಬಹುಪಾಲು ಮನೆಯ ಹೆಣ್ಣುಮಕ್ಕಳು. ಕುಡಿಯಬಾರದಿತ್ತು ಎಂದು ಹೇಳಿ ಕಳಿಸಿದರೆ ಅವರಿಗೆ ಏನೂ ಉಪಯೋಗವಿಲ್ಲ. ಈ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ತೊಂದರೆಗಳು ಅಡಗಿವೆ. ಒಂದು ತಾನಾಗಿಯೇ ಒಂದು ದಿನದಲ್ಲಿ ಹೋಗುತ್ತದೆ. ಇನ್ನೊಂದು ಜೀವ ತೆಗೆಯಬಲ್ಲದು. ಎರಡನ್ನೂ ಗುರುತಿಸಲು ಬರಬೇಕು ಎಂಬುದಕ್ಕೇ ಈ ಬರಹ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಹ್ಯಾಂಗೋವರ್. ಹೊಟ್ಟೆಗೆ ಹೋದ ಮದ್ಯಸಾರವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ, ಆಮೇಲೆ ನಿರಪಾಯದ ಅಸಿಟೇಟ್ ಆಗಿ ಒಡೆಯುತ್ತದೆ. ಅಷ್ಟರಲ್ಲಿ ಮೂತ್ರ ಹೆಚ್ಚಾಗಿ ನೀರು ಹೋಗಿರುತ್ತದೆ, ಹೊಟ್ಟೆಯ ಒಳಪದರ ಉರಿದಿರುತ್ತದೆ, ನಿದ್ದೆ ಬಂದಂತೆ ಕಂಡರೂ ಒಡೆದ ನಿದ್ದೆಯಾಗಿರುತ್ತದೆ. ರಕ್ತದಲ್ಲಿನ ಮದ್ಯಸಾರ ಇಳಿದು ಸೊನ್ನೆಯ ಹತ್ತಿರ ಬಂದಾಗ ತಲೆನೋವು, ಓಕರಿಕೆ, ಬೆಳಕು ಕಂಡರಾಗದಿರುವುದು ಜೋರಾಗುತ್ತವೆ. ಬೆಳಿಗ್ಗೆ ಎದ್ದು ಇನ್ನೊಂದು ಪೆಗ್ ಹಾಕಿದರೆ ಹಗುರಾಗುತ್ತದೆ ಎನ್ನುವ ಮಾತು ಹುಟ್ಟಿದ್ದು ಇದರಿಂದಲೇ. ಅದು ಹಗುರಾಗುವುದಲ್ಲ, ಮುಂದಕ್ಕೆ ಹೋಗುವುದು.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. 30 ಮಿಲೀ ವಿಸ್ಕಿ ಅಥವಾ ಬ್ರಾಂಡಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿರುತ್ತದೆ. 180 ಮಿಲೀ ಕ್ವಾರ್ಟರಿನಲ್ಲಿ 60 ಗ್ರಾಂ. "ನಾನು ಬರೀ ಬಿಯರ್" ಎನ್ನುವವರು ಗಮನಿಸಿ: ಶೇ 8ರ ಸ್ಟ್ರಾಂಗ್ ಬಿಯರಿನ 650 ಮಿಲೀ ಸೀಸೆಯಲ್ಲಿ 40 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್. ಲಿವರ್ ಗಂಟೆಗೆ ಒಡೆಯುವುದು 7ರಿಂದ 10 ಗ್ರಾಂ ಮಾತ್ರ. ಚಹಾ, ಕಾಫಿ, ನಿಂಬೆಹುಳಿ, ತಣ್ಣೀರ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿದವರ ರಕ್ತದಲ್ಲಿ ಬೆಳಗಿನ ಐದಾರಕ್ಕೂ ಮದ್ಯ ಉಳಿದಿರಬಹುದು. 375 ಮಿಲೀ ಹಾಫ್ ಮುಗಿಸಿದವರಿಗೆ ಮರುದಿನ ಮಧ್ಯಾಹ್ನದವರೆಗೂ. ಮದುವೆ ಮುಗಿಸಿ ನಸುಕಿನಲ್ಲಿ ಬೈಕು ಹತ್ತಿ ಬೀದರಿಗೋ ಹೈದರಾಬಾದಿಗೋ ಹೊರಡುವವರು ಇದನ್ನು ನೆನಪಿಡಬೇಕು. ಕಾನೂನಿನ ಮಿತಿ 100 ಮಿಲೀ ರಕ್ತಕ್ಕೆ 30 ಮಿಲಿಗ್ರಾಂ. ಮಲಗಿ ಎದ್ದೆ ಎಂಬುದನ್ನು ಯಂತ್ರ ಕೇಳುವುದಿಲ್ಲ, ಎದುರಿನ ಲಾರಿಯೂ ಕೇಳುವುದಿಲ್ಲ.

ತಡೆಯುವ ದಾರಿಯೂ ಈ ಲೆಕ್ಕದಲ್ಲೇ ಇದೆ. ಪ್ರಮಾಣ ಕಡಿಮೆ, ಗಂಟೆಗೆ ಒಂದಕ್ಕಿಂತ ಹೆಚ್ಚಿಲ್ಲ, ನಡುನಡುವೆ ನೀರು. ಊಟ ಕುಡಿಯುವ ಮುಂಚೆಯೇ ಆಗಿರಬೇಕು. ನಮ್ಮ ಕಡೆ ಗುಂಡು ಮುಗಿದ ಮೇಲೆ ಊಟಕ್ಕೆ ಏಳುವ ರೂಢಿಯಿದೆ, ಅದು ಪೂರಾ ಉಲ್ಟಾ. ಬಿಯರ್ ಮೊದಲೋ ವಿಸ್ಕಿ ಮೊದಲೋ ಎಂಬ ವಾದ ವ್ಯರ್ಥ, ಒಟ್ಟು ಎಷ್ಟು ಎಂಬುದೇ ಮುಖ್ಯ. ಬೆಳಿಗ್ಗೆ ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಸಕ್ಕರೆ ಉಪ್ಪಿನ ನಿಂಬೆ ಶರಬತ್ತು, ಕತ್ತಲೆ ಕೋಣೆಯಲ್ಲಿ ನಿದ್ದೆ. ಇವು ಹೋದ ನೀರನ್ನು ತುಂಬುತ್ತವೆ, ಅಷ್ಟೇ. ಹ್ಯಾಂಗೋವರ್ ಇಳಿಸುವ ಔಷಧಿ ಎಂದು ಸಾಬೀತಾದದ್ದು ಒಂದೂ ಇಲ್ಲ. ದಿನಾ ಕುಡಿಯುವವರು ತಲೆನೋವಿಗೆಂದು ಪ್ಯಾರಾಸಿಟಮಾಲ್ ಮೇಲಿಂದ ಮೇಲೆ ನುಂಗಿದರೆ ಲಿವರಿಗೆ ಪೆಟ್ಟು.

ಇನ್ನು ಎರಡನೆಯದು, ನಮ್ಮ ಮೂರು ಊರುಗಳಿಗೆ ಹೆಚ್ಚು ಹತ್ತಿರದ್ದು: ಸೇಂದಿ. ತೆಲುಗಿನವರು ಇದಕ್ಕೆ 'ಕಲ್ಲು' ಎನ್ನುತ್ತಾರೆ. ಕನ್ನಡ ಕಿವಿಗೆ, ಅದರಲ್ಲೂ ತಾಂಡೂರಿನಲ್ಲಿ, ಅದು ನೆಲಕ್ಕೆ ಹಾಸುವ ಕಲ್ಲಾಗಿಯೇ ಕೇಳುತ್ತದೆ. ಈಚಲು ಅಥವಾ ತಾಳೆ ಮರದ ರಸ ಇಳಿಸಿದಾಗ ಸಿಹಿ, ಕೆಲವೇ ಗಂಟೆಯಲ್ಲಿ ಹುಳಿತು ಶೇ 4–5ರಷ್ಟು ಮದ್ಯಸಾರ ಆಗುತ್ತದೆ. ಅಂದರೆ ಒಂದು ಸೀಸೆ ಸೇಂದಿ ಒಂದು ಸಾದಾ ಬಿಯರಿಗೆ ಸಮ. ಹೀಗಿರುವಾಗ ಒಂದೇ ಸೀಸೆಗೆ ಗಟ್ಟಿಮುಟ್ಟಾದ ಮನುಷ್ಯ ನಾಲಿಗೆ ತೊದಲಿ, ಹಗಲೆಲ್ಲ ಬಿದ್ದುಕೊಂಡರೆ ಅದು ಮರದ ರಸದ ಕೆಲಸವಲ್ಲ. ಮರ ಕಡಿಮೆ, ಬೇಡಿಕೆ ಹೆಚ್ಚು. ಹಾಗಾಗಿ ನೀರು, ಸ್ಯಾಕರಿನ್ ಜೊತೆ ಕ್ಲೋರಲ್ ಹೈಡ್ರೇಟ್, ಡಯಾಜಿಪಾಮ್, ಅಲ್ಪ್ರಜೋಲಾಮ್ ಬೆರೆಸುವ ದಂಧೆ ಬೆಳೆದಿದೆ. ಜನ ಅದನ್ನು ಕರೆಯುವುದು 'ಪೌಡರ್' ಎಂದು. ಮೂರೂ ನಿದ್ದೆ ತರಿಸುವ ಔಷಧಿಗಳು, ಮೂರಕ್ಕೂ ದೇಹ ಬೇಗ ಒಗ್ಗಿಕೊಳ್ಳುತ್ತದೆ. 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು, ಕಿಡ್ನಿ ಕೆಟ್ಟು ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಆದರೆ ಪೌಡರ್ ಸೇಂದಿಯ ಇನ್ನೊಂದು ಅಪಾಯ ಕಾಣಿಸಿಕೊಳ್ಳುವುದು ಕುಡಿದಾಗ ಅಲ್ಲ, ಬಿಟ್ಟಾಗ. 2015ರಲ್ಲಿ ನಿಜಾಮಾಬಾದ್, ಮಹಬೂಬನಗರ ಕಡೆ ಕಲಬೆರಕೆಯ ಮೇಲೆ ದಾಳಿ ನಡೆದು ಪೌಡರ್ ನಿಂತಾಗ ಜನ ಗುಂಪುಗುಂಪಾಗಿ ಆಸ್ಪತ್ರೆ ಸೇರಿದರು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಅಂಗಡಿಗಳೆಲ್ಲ ಮುಚ್ಚಿದಾಗ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯ ಮುಂದೆ ಇಂಥವರದೇ ಸಾಲು. ದಿನಾ ವಿಸ್ಕಿ, ಬ್ರಾಂಡಿ ಕುಡಿಯುವವರು ಹಠಾತ್ತನೆ ಬಿಟ್ಟರೂ ಇದೇ ಆಗುತ್ತದೆ.

ಗುರುತು ಹೀಗೆ. ಹ್ಯಾಂಗೋವರ್ ಬೆಳಿಗ್ಗೆ ಜೋರಾಗಿ ಸಂಜೆಗೆ ಇಳಿಯುತ್ತದೆ. ಇದು ಹೊತ್ತು ಕಳೆದಂತೆ ಏರುತ್ತದೆ. ಮೊದಲ ದಿನ ಕೈ ನಡುಕ, ಬೆವರು, ನಿದ್ದೆಯಿಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನ ಇಲ್ಲದ್ದು ಕಾಣುವುದು, ಗೋಡೆಯ ಮೇಲೆ ಹುಳ ಹರಿದಂತೆ ಅನಿಸುವುದು, ಮನೆಯವರ ಗುರುತೇ ಸಿಗದಿರುವುದು. ಡಯಾಜಿಪಾಮ್ ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಕೆಲವರಿಗೆ ಇದೆಲ್ಲ ಒಂದು ವಾರದ ಹೊತ್ತಿಗೆ ಶುರುವಾದೀತು. ಆಗ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಕರೆದುಕೊಂಡು ಹೋಗುವುದುಂಟು, ಕುಡಿತ ಬಿಡಿಸುತ್ತೇವೆಂದು ಕೋಣೆಯಲ್ಲಿ ಹಾಕಿ ಬೀಗ ಹಾಕುವುದೂ ಉಂಟು. ತಾಯತ ಆಮೇಲೆ ಕಟ್ಟಿಸಿದರಾಯಿತು. ಬೀಗ ಮಾತ್ರ ಬೇಡವೇ ಬೇಡ.

ಮಾಡಬೇಕಾದದ್ದು ಆಸ್ಪತ್ರೆಗೆ ಒಯ್ಯುವುದು. 108ಕ್ಕೆ ಫೋನ್ ಮಾಡಿ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳಲ್ಲಿ ಸರಕಾರಿ ಆಸ್ಪತ್ರೆಗಳಿವೆ, ಗಡಿ ದಾಟಿದರೆ ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಇವೆ. ಫಿಟ್ಸ್ ಬಂದಾಗ ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಕೈಗೆ ಕೀಲಿ, ಬಾಯಿಗೆ ಚಮಚ ಬೇಡ. ಕುಡಿದು ಎಬ್ಬಿಸಿದರೂ ಏಳದವರು, ಉಸಿರು ನಿಧಾನವಾದವರು 'ಮಲಗಲಿ ಬಿಡು' ಎನ್ನುವ ಸ್ಥಿತಿಯಲ್ಲಿಲ್ಲ. ಅವರನ್ನೂ ಮಗ್ಗುಲಿಗೆ ಮಲಗಿಸಿ ಅದೇ 108ಕ್ಕೆ ತಿಳಿಸಿ. ಊರ ಆರ್‌ಎಂಪಿ ಹತ್ತಿರ ಗ್ಲೂಕೋಸ್ ಬಾಟಲಿ ಹಾಕಿಸಿ ಸುಮ್ಮನಾಗುವ ಅಭ್ಯಾಸದ ಬಗ್ಗೆಯೂ ಒಂದು ಮಾತು. ವರ್ಷಗಟ್ಟಲೆ ಕುಡಿದವರ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು. ಥಯಾಮಿನ್ ಕೊಟ್ಟಿದ್ದೀರಾ ಎಂದು ಕೇಳಲು ಸಂಕೋಚ ಬೇಡ.

ಡಾಕ್ಟರ ಮುಂದೆ ಮರೆಮಾಚಬೇಡಿ. ನಮ್ಮ ಹಿರಿಯರು ಎಷ್ಟೋ ಸಲ "ಜ್ವರ, ನಡುಕ" ಎಂದಷ್ಟೇ ಹೇಳುತ್ತಾರೆ. ನಾಚಿಕೆಯೂ ಇರುತ್ತದೆ, ತೆಲುಗು ಬಾರದ ತೊಡಕೂ ಇರುತ್ತದೆ. ಏನು ಕುಡಿಯುತ್ತಿದ್ದರು, ದಿನಕ್ಕೆ ಎಷ್ಟು ಸೀಸೆ, ಕೊನೆಗೆ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬ ನಾಲ್ಕು ಸಂಗತಿ ಹೇಳಿದರೆ ಸಾಕು. ಕಾಯ್ದೆ ಹಿಡಿಯುವುದು ಕಲಬೆರಕೆ ಮಾಡಿದವರನ್ನು, ರೋಗಿಯನ್ನಲ್ಲ. ಬಿಡಬೇಕೆಂದು ಮನಸ್ಸು ಮಾಡಿದವರೂ ಮೊದಲೇ ವೈದ್ಯರನ್ನು ಕಂಡು, ಅವರು ಕೊಡುವ ಔಷಧಿಯ ಮೇಲೆ ಹಂತಹಂತವಾಗಿ ಬಿಡಬೇಕು. ಮೊದಲು ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಸರಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416 ಇದೆ. ಹಗಲು ರಾತ್ರಿ ಸಿಗುತ್ತದೆ, ಕರೆ ಮಾಡಿದಾಗ ಕನ್ನಡವನ್ನೂ ಆರಿಸಿಕೊಳ್ಳಬಹುದು.