ದರ್ಶನಿ ಹುಂಡಿಯೂ ಡೆಲಿಗೇಟೂ

ಸಿ ಶಾರ್ಪ್ ಭಾಷೆಯನ್ನು ಅಭ್ಯಸಿಸುತ್ತಿರುವ ವಾಚಕರೊಬ್ಬರು, ಬೇಕಾದ ಆಬ್ಜೆಕ್ಟನ್ನೇ ನೇರವಾಗಿ ಕೈಗೆ ಕೊಡಬಹುದಾಗಿರುವಲ್ಲಿ ಅದನ್ನು ತಂದೊಪ್ಪಿಸುವ ಡೆಲಿಗೇಟೆಂಬ ಪ್ರತಿನಿಧಿಯನ್ನು ನಡುವೆ ನಿಲ್ಲಿಸುವುದೇತಕ್ಕೆಂದು ಕೇಳಿದ್ದಾರೆ.

ಹಿಂದಿನ ಕಾಲದ ವರ್ತಕನು ದೂರದ ಪೇಟೆಗೆ ಹೊರಡುವಾಗ ಹೊನ್ನಿನ ಗಂಟನ್ನು ಹೊರದೆ, ತನ್ನೂರಿನ ಸಾಹುಕಾರನು ಬರೆದುಕೊಟ್ಟ ದರ್ಶನಿ ಹುಂಡಿಯೊಂದನ್ನು ಜತೆಗೊಯ್ದು, ಸರಕು ಮನಸ್ಸಿಗೊಪ್ಪಿದ ಮೇಲೆಯೇ ಅದನ್ನು ತೋರಿಸಿ ಹಣ ಪಡೆಯುತ್ತಿದ್ದನು. ಆ ಕಾಗದವು ಹಣವಲ್ಲ, ಹಣ ದೊರೆಯುವ ಮಾರ್ಗ. ವ್ಯಾಪಾರ ಕುದುರದಿದ್ದರೆ ಯಾರ ಪೆಟ್ಟಿಗೆಯ ಬೀಗವನ್ನೂ ತೆಗೆಯಬೇಕಾಗಿರಲಿಲ್ಲ. ಹಾಗೆಯೇ, ಡೇಟಾಬೇಸಿನ ಸಂಪರ್ಕದಂತೆ ಕಾಲವನ್ನೂ ಸ್ಮೃತಿಯನ್ನೂ ಧಾರಾಳವಾಗಿ ಬೇಡುವ ಆಬ್ಜೆಕ್ಟನ್ನು ಆರಂಭದಲ್ಲಿಯೇ ನಿರ್ಮಿಸದೆ, ನಿರ್ಮಾಣದ ವಿಧಾನವನ್ನಷ್ಟೇ ಡೆಲಿಗೇಟಿನ ರೂಪದಲ್ಲಿ ಒಪ್ಪಿಸಿದರೆ, ಅದನ್ನು ಕರೆದ ಕ್ಷಣದಲ್ಲಿ ಆಬ್ಜೆಕ್ಟು ಅಸ್ತಿತ್ವಕ್ಕೆ ಬರುವುದು, ಕರೆಯದಿದ್ದರೆ ಬಾರದು.

ಈ ಯುಕ್ತಿಯು ಸಿ ಶಾರ್ಪಿಗಿಂತ ಬಹಳ ಹಳೆಯದು, ಮತ್ತು ಅದರ ಚರಿತ್ರೆಯು ನನಗೆ ಅತ್ಯಂತ ರಮಣೀಯವಾಗಿ ತೋರುವುದು. ಆಲ್ಗಾಲ್ 60 ಭಾಷೆಯು, ಬೆಲೆಯನ್ನೇ ಕೊಡಬೇಕೆಂದು ಸ್ಪಷ್ಟವಾಗಿ ಹೇಳದ ಪಕ್ಷದಲ್ಲಿ, ಪ್ರೊಸೀಜರಿಗೆ ಒಪ್ಪಿಸಿದ ಉಕ್ತಿಯನ್ನು ಮುಂಚಿತವಾಗಿ ಗಣಿಸದೆ ಅದರ ಹೆಸರು ಬಂದಾಗಲೆಲ್ಲ ಗಣಿಸತಕ್ಕದ್ದೆಂದು ವಿಧಿಸಿತ್ತು. ಈ ವಿಧಿಯನ್ನು ಯಂತ್ರದಲ್ಲಿ ನಡೆಸಲು ಪೀಟರ್ ಇಂಗರ್‌ಮನ್ನರು 1961ರಲ್ಲಿ ವರ್ಣಿಸಿದ ಪುಟ್ಟ ಆದೇಶಖಂಡವೇ ‘ಥಂಕ್’. ಆದರೆ ಹತ್ತು ಬಾರಿ ಕರೆದರೆ ಹತ್ತು ಬಾರಿಯೂ ಅದು ಅದೇ ದುಡಿಮೆಯನ್ನು ದುಡಿಯುತ್ತಿತ್ತು. ಮೊದಲ ಸಲ ದೊರೆತ ಫಲವನ್ನು ಕಾಪಿಟ್ಟು ಮುಂದೆ ಅದನ್ನೇ ಹಂಚಿಕೊಳ್ಳುವ ಕ್ರಮವನ್ನು ಕ್ರಿಸ್ಟಫರ್ ವಾಡ್ಸ್‌ವರ್ತರು 1971ರ ತಮ್ಮ ಆಕ್ಸ್‌ಫರ್ಡ್ ಪ್ರಬಂಧದಲ್ಲಿ ನಿರೂಪಿಸಿದರು. 2010ರಲ್ಲಿ ಡಾಟ್‌ನೆಟ್ 4ರೊಡನೆ ಬಂದ ‘ಲೇಜಿ’ ಎಂಬ ಸಿದ್ಧ ಸಾಧನವು ಮಾಡುವುದೂ ಇದನ್ನೇ: ತನ್ನೊಳಗಿನ ಡೆಲಿಗೇಟನ್ನು ಮೊದಲ ಬೇಡಿಕೆಗೆ ಕರೆದು, ಬಂದುದನ್ನು ಇಟ್ಟುಕೊಳ್ಳುವುದು.

ಹುಂಡಿಯ ಹೋಲಿಕೆಯು ಒಂದೆಡೆಯಲ್ಲಿ ಮಾತ್ರ ಸಲ್ಲದು, ಹೊಸಬರು ಎಡವುವುದೂ ಅಲ್ಲಿಯೇ. ಹುಂಡಿಯ ಮೊತ್ತವು ಬರೆದ ದಿನವೇ ನಿಶ್ಚಿತವಾಗಿರುವುದು. ಡೆಲಿಗೇಟಾದರೋ ತಾನು ಹಿಡಿದ ಚರಾಕ್ಷರದ ಬೆಲೆಯನ್ನು, ತಾನು ರಚಿತವಾದಾಗ ಇದ್ದಂತಲ್ಲ, ಕರೆಯಲ್ಪಟ್ಟಾಗ ಇದ್ದಂತೆ ಓದುವುದು. ಈ ಕಾರಣದಿಂದ, ಫಾರ್‌ಈಚ್ ಲೂಪಿನೊಳಗೆ ಆ ಲೂಪಿನ ಚರಾಕ್ಷರವನ್ನು ಹಿಡಿದು ರಚಿಸಿಟ್ಟು ಲೂಪು ಮುಗಿದ ಮೇಲೆ ಕರೆದ ಡೆಲಿಗೇಟುಗಳೆಲ್ಲವೂ ಕೊನೆಯ ಬೆಲೆಯೊಂದನ್ನೇ ತೋರಿಸುತ್ತಿದ್ದುವು. 2012ರಲ್ಲಿ ಬಂದ ಸಿ ಶಾರ್ಪ್ 5ರಲ್ಲಿ ಭಾಷೆಯನ್ನೇ ತಿದ್ದಿ, ಪ್ರತಿಯೊಂದು ಸುತ್ತಿಗೂ ಹೊಸ ಚರಾಕ್ಷರವನ್ನು ಕೊಡಲಾಯಿತು. ಸಾಮಾನ್ಯವಾದ ಫಾರ್ ಲೂಪಿಗೆ ಆ ತಿದ್ದುಪಡಿಯು ಅನ್ವಯಿಸದ ಕಾರಣ, ಅಲ್ಲಿ ಸುತ್ತಿನೊಳಗೇ ಮತ್ತೊಂದು ಚರಾಕ್ಷರಕ್ಕೆ ಬೆಲೆಯನ್ನು ನಕಲಿಸಿಕೊಂಡು, ಅದನ್ನು ಹಿಡಿದು ಡೆಲಿಗೇಟನ್ನು ರಚಿಸತಕ್ಕದ್ದು.