ನೆರೆ ಇಳಿದ ಮೇಲೆ ಬಾವಿಯನ್ನು ಶುದ್ಧಿಪಡಿಸುವ ಕ್ರಮ

೨೦೧೯ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಗ್ರಾಮಗಳಿಗೆ ನುಗ್ಗಿದುವು. ಇಂತಹ ನೆರೆಯಲ್ಲಿ ತಿಪ್ಪೆ, ಕೊಟ್ಟಿಗೆ, ಕಕ್ಕಸುಗುಂಡಿಗಳ ಕೊಳೆಯೆಲ್ಲವೂ ಬಾವಿಯನ್ನು ಸೇರುವುದು. ನಾಲ್ಕಾರು ದಿವಸಗಳಲ್ಲಿ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತಲೇ ಬಾವಿಯು ಸರಿಹೋಯಿತೆಂದು ಜನರು ನಂಬುವರು. ಆದರೆ ಕಾಲರಾ ಮುಂತಾದ ವಾಂತಿಭೇದಿಯ ಕ್ರಿಮಿಗಳು ತಿಳಿನೀರಿನಲ್ಲಿಯೂ ಕಣ್ಣಿಗೆ ಕಾಣದೆ ಇರುವುವು. ಎಳೆಯ ಮಕ್ಕಳಿಗೆ ಇವುಗಳಿಂದ ಪ್ರಾಣಾಪಾಯವುಂಟು.

ಕೆಲವರು ಕಲಕಿದ ಬಾವಿಗೇ ಬ್ಲೀಚಿಂಗ್ ಪುಡಿಯನ್ನು ಹಿಡಿಹಿಡಿಯಾಗಿ ಎಸೆದು ಸುಮ್ಮನಾಗುವುದುಂಟು. ಇದರಿಂದ ಹಣವು ನಷ್ಟವೇ ಹೊರತು ಪ್ರಯೋಜನವು ಅಲ್ಪ. ಪುಡಿಯಲ್ಲಿರುವ ಕ್ಲೋರಿನ್ನು ಕ್ರಿಮಿಗಳನ್ನು ಕೊಲ್ಲುವುದಕ್ಕೆ ಮುಂಚೆಯೇ ಕೆಸರಿನಲ್ಲಿಯೂ ಕೊಳೆತ ಎಲೆಕಸಗಳಲ್ಲಿಯೂ ವ್ಯಯವಾಗಿಹೋಗುವುದು. ಆದಕಾರಣ ಮೊದಲು ನೀರನ್ನು ಹೊರಕ್ಕೆತ್ತಿ, ಹೂಳನ್ನು ತೆಗೆದು, ಗೋಡೆಯನ್ನು ತಿಕ್ಕಿ ತೊಳೆಯತಕ್ಕದ್ದು. ಸುತ್ತಣ ನೆಲವು ಇನ್ನೂ ನೀರು ಕುಡಿದಿರುವಾಗ ಬಾವಿಯನ್ನು ಒಮ್ಮೆಲೇ ಬರಿದುಮಾಡಿದರೆ ಹೊರಗಿನ ಒತ್ತಡದಿಂದ ಗೋಡೆಯು ಕುಸಿಯಬಹುದು; ನಿಧಾನವೇ ಲೇಸು. ಪಂಪಿನ ಇಂಜಿನನ್ನು ಬಾವಿಯೊಳಕ್ಕೆ ಇಳಿಸಲೇ ಕೂಡದು. ಅದರ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಳಿದವನು ಎಚ್ಚರ ತಪ್ಪಿ ಅಲ್ಲಿಯೇ ಸಾಯುವನು.

ಅನಂತರ ಒರತೆಯಿಂದ ಬಂದು ನಿಂತ ನೀರನ್ನು ಅಳೆಯಬೇಕು. ಬಾವಿಯ ಅಡ್ಡಳತೆ ೩ ಮೀಟರು, ನೀರಿನ ಆಳ ೨ ಮೀಟರು ಇದ್ದಲ್ಲಿ ಸುಮಾರು ೧೪,೦೦೦ ಲೀಟರು ನೀರಿರುವುದು. ನೂರಕ್ಕೆ ೩೩ ಭಾಗ ಕ್ಲೋರಿನ್ ಉಳ್ಳ ಪುಡಿಯು ಸಾವಿರ ಲೀಟರಿಗೆ ೧೫೦ ಗ್ರಾಂ ಮೇರೆಗೆ ೨ ಕಿಲೋ ೧೦೦ ಗ್ರಾಂ ಬೇಕಾಗುವುದು. ಬಾಯ್ದೆರೆದು ಬಹುಕಾಲ ಇಟ್ಟ ಪುಡಿಯು ಸತ್ತ್ವಗುಂದುವುದರಿಂದ ಹೊಸದನ್ನೇ ತರಿಸಬೇಕು. ಅದನ್ನು ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣವು ತಳದಲ್ಲಿ ನಿಂತ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಸಿದು, ಹಗ್ಗದಿಂದ ಬಾವಿಗೆ ಇಳಿಸಿ ಚೆನ್ನಾಗಿ ಕಲಕತಕ್ಕದ್ದು. ಹನ್ನೆರಡು ಗಂಟೆಗಳವರೆಗೆ ಆ ನೀರನ್ನು ಬಳಸಕೂಡದು. ತರುವಾಯ ಘಾಟು ಅಡಗುವವರೆಗೂ ಸೇದಿ ಚೆಲ್ಲಬೇಕು. ಮೀನಿರುವ ಕೆರೆಗೆ ಹರಿಯಿಸಬಾರದು.

ಆಮೇಲೆ ಮಳೆಗಾಲ ಮುಗಿಯುವವರೆಗೂ ದಿನಂಪ್ರತಿ ರಾತ್ರಿ, ಸೇದುವುದು ನಿಂತ ಮೇಲೆ, ಇದೇ ರೀತಿಯಲ್ಲಿ ಸಾವಿರ ಲೀಟರಿಗೆ ೨.೫ ಗ್ರಾಂ ಮೇರೆಗೆ ಹಾಕುತ್ತಿರಬೇಕು. ಬಾವಿಯು ಸಿದ್ಧವಾಗುವ ತನಕ ಬೇರೆ ಕಡೆಯಿಂದ ತಂದ ನೀರನ್ನು ಒಂದು ನಿಮಿಷವಾದರೂ ಕೊತಕೊತನೆ ಕುದಿಸಿ, ಆರಿಸಿ ಕುಡಿಯತಕ್ಕದ್ದು. ಬೆಚ್ಚಗೆ ಮಾಡಿದರೆ ಸಾಲದು. ಕುಸಿದ ಕಕ್ಕಸುಗುಂಡಿಯನ್ನು ಮಣ್ಣಿನಿಂದ ಮುಚ್ಚಿ, ಹೊಸದನ್ನು ಬಾವಿಗೆ ೧೫ ಮೀಟರಿಗಿಂತ ದೂರವಾಗಿ, ತಗ್ಗಿನ ಕಡೆಗೆ ತೋಡಬೇಕು.

ಕೀಟನಾಶಕದ ಡಬ್ಬಿಗಳೇನಾದರೂ ಬಾವಿಗೆ ಕೊಚ್ಚಿಬಂದಿದ್ದರೆ ಮೇಲಣ ಕ್ರಮವು ಫಲಿಸದು. ಆ ವಿಷವನ್ನು ಕ್ಲೋರಿನ್ನಿನಿಂದಾಗಲಿ ಕುದಿಸುವುದರಿಂದಾಗಲಿ ಹೋಗಲಾಡಿಸಲಾಗದು. ಅಂತಹ ನೀರನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವವರೆಗೆ ಮನುಷ್ಯರು ಕುಡಿಯಕೂಡದು, ದನಕರುಗಳಿಗೂ ಕೊಡಕೂಡದು.